ಎಡಗಡೆಯ ಟೈರು

ನಮ್ಮ ಮನೆಯ ಏಳು ಸೀಟಿನ ಗಾಡಿಗೆ ಟೈರು ಬದಲಾಯಿಸಿ ವರ್ಷ ದಾಟಿತು. ಆ ಟೈರುಗಳು ಈಗಲೂ ಅದರಲ್ಲೇ ಇವೆ. ಗಾಡಿ ಶೆಡ್ಡಿನಲ್ಲಿ ನಿಂತಿದೆ, ಓಡಿಸುವವರು ಯಾರೂ ಇಲ್ಲ. ಟೈರು ಹಾಕಿಸಿದ ದಿನ ಅಂಗಡಿಯಲ್ಲಿ ನಾನೊಂದು ಸುಳ್ಳು ಹೇಳಿದೆ. ದೊಡ್ಡ ಸುಳ್ಳೇನಲ್ಲ, ಎರಡು ಮಾತಿನದು. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಏಕೆಂದರೆ ಹೇಳಬೇಕಾದವರ ಎದುರು ಬಾಯಿಬಿಟ್ಟು ಹೇಳುವುದು ಇವತ್ತಿನವರೆಗೂ ನನ್ನ ಕೈಲಿ ಆಗಿಲ್ಲ.

ನಾನು ಬಿ.ಎ. ಮುಗಿಸಿ, ಕೂಟಗಲ್ ಹೋಬಳಿಯ ನಮ್ಮೂರಿಗೆ ವಾಪಸ್ಸು ಬಂದು ಹಿಪ್ಪುನೇರಳೆ ಬೆಳೆದವನು. ಮೂವತ್ತು ವರ್ಷಕ್ಕೂ ಮೇಲೆ ರೇಷ್ಮೆ ಹುಳ ಸಾಕಿದ್ದೇನೆ. ಗೂಡು ಹೇಗಿದೆ ಎಂದು ತಿಳಿಯಲು ನಮ್ಮಂಥವರಿಗೆ ಕಣ್ಣೇ ಬೇಕೆಂದಿಲ್ಲ. ಹೆಬ್ಬೆರಳಿನಲ್ಲಿ ಒತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ಒತ್ತಿದರೆ ಗಟ್ಟಿಯಾಗಿರಬೇಕು. ಮೆತ್ತಗಿದ್ದರೆ ನೂಲು ಕಮ್ಮಿ ಎಂದೇ ಅರ್ಥ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನನ್ನ ಕೈಯನ್ನು ಹೊಗಳಿದವರಿದ್ದಾರೆ. ಅವರು ಒಂದು ಸಲ ಹೊಗಳಿದ್ದನ್ನು ನಾನು ಹತ್ತು ಕಡೆ ಹೇಳಿಕೊಂಡು ತಿರುಗಿದ್ದೇನೆ. ಹೊಗಳಿಕೆ ಕೇಳಿದರೆ ಉಬ್ಬಿಹೋಗುವ ಸ್ವಭಾವ ನನ್ನದು, ತಪ್ಪು ಯಾರಾದರೂ ಎತ್ತಿ ಆಡಿದರೆ ಮೈಯೆಲ್ಲ ಉರಿಯುತ್ತದೆ.

ಮಗಳು ಹಾಗಲ್ಲ. ಕಮ್ಮಿ ಮಾತು, ಹಿಡಿದ ಕೆಲಸ ಬಿಡುವವಳಲ್ಲ. ಡಿಗ್ರಿ ಮುಗಿಸಿ ತರಬೇತಿಗೆ ಹೋಗಿ ಬಂದು, ನಮ್ಮ ಹಳೆಯ ಹುಳಮನೆಯನ್ನೇ ಸುಣ್ಣ ಬಳಿಸಿ ಚಾಕಿ ಕೇಂದ್ರ ಮಾಡಿದಳು. ಮೊಟ್ಟೆಯೊಡೆದ ರೇಷ್ಮೆ ಮರಿ ಬಲು ನಾಜೂಕು. ಅದು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಎರಡು ಜ್ವರ ದಾಟುವವರೆಗೆ ಮರಿಯನ್ನು ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವುದು ಅವಳ ಕೆಲಸ. ಮರಿಗೆ ಬಿಸಿಲು ಆಗದು, ಬೆಳಗಿನ ತಂಪಿನಲ್ಲೇ ಸಾಗಿಸಬೇಕು. ಗಾಡಿಯ ಹಿಂದಿನ ಸೀಟುಗಳನ್ನು ಮಡಚಿ, ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ, ಒದ್ದೆ ಬಟ್ಟೆ ಹೊದಿಸಿ ಹೊರಡುವುದು. ಹೆಚ್ಚಾಗಿ ಮಾಗಡಿ ಕಡೆಯ ಹಳ್ಳಿಗಳು, ಚನ್ನಪಟ್ಟಣದ ಕಡೆ ಮೂರು ಮನೆ, ಕನಕಪುರದ ಕಡೆ ಒಂದೆರಡು.

ಅದಕ್ಕೆಂದೇ ಅವಳು ಗಾಡಿ ಕಲಿತಳು, ಲೈಸೆನ್ಸ್ ತೆಗೆದುಕೊಂಡಳು. ಅಷ್ಟು ದೊಡ್ಡ ಗಾಡಿಯನ್ನು ಹುಡುಗಿಯೊಬ್ಬಳು ಒಬ್ಬಳೇ ಓಡಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸುವುದನ್ನು ಮೊದಮೊದಲು ಜನ ಹೊರಗೆ ಬಂದು ನೋಡುತ್ತಿದ್ದರು. ಆಮೇಲೆ ರೂಢಿಯಾಯಿತು. ಅವಳು ಚೆನ್ನಾಗಿ ಓಡಿಸುತ್ತಿದ್ದಳು. ಮರಿ ತಲುಪಿಸುವ ದಿನ ಅವಳು, ಮಿಕ್ಕ ದಿನ ನಾನು, ಹೀಗೆ ನಡೆಯುತ್ತಿತ್ತು.

ನನ್ನ ಎಡಗಣ್ಣಿನ ವಿಷಯ ನನಗೆ ಗೊತ್ತಾದದ್ದು ಹುಳಮನೆಯಲ್ಲಿ. ಸೊಪ್ಪು ಕೊಡವುವಾಗ ಬಲಗಣ್ಣಿಗೆ ಕಸ ಬಿತ್ತು. ಆ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತೆ. ಎದುರಿಗಿದ್ದ ಟ್ರೇಗಳ ಸಾಲು ನಡುವಿಗೇ ನಿಂತುಹೋಯಿತು. ಅದರ ಎಡಕ್ಕೆ ಏನೂ ಇರಲಿಲ್ಲ, ಮಸುಕೂ ಅಲ್ಲ, ಬರೀ ಇಲ್ಲ ಅಷ್ಟೆ. ಕೈ ತೆಗೆದೆ, ಎಲ್ಲ ಸರಿಯಿತ್ತು. ಮತ್ತೆ ಮುಚ್ಚಿದೆ, ಮತ್ತೆ ಇಲ್ಲ. ನಾಲ್ಕೈದು ಸಲ ಹಾಗೇ ಮಾಡಿ, ಹೊರಗೆ ಬಂದು ಕೈಕಾಲು ತೊಳೆದುಕೊಂಡು ಊಟ ಮಾಡಿದೆ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಆಸ್ಪತ್ರೆ ಎನ್ನುತ್ತಾಳೆ, ಆಸ್ಪತ್ರೆಯವರು ಗಾಡಿ ಬಿಡಿ ಎನ್ನುತ್ತಾರೆ ಎಂಬ ಭಯ. ಹಾಗೇ ಒಂದು ವರ್ಷ ಕಳೆದೆ.

ಆ ವರ್ಷದಲ್ಲಿ ಗೇಟಿನ ಕಂಬಕ್ಕೆ ಎರಡು ಸಲ ಉಜ್ಜಿದೆ. ಮೋರಿಯ ಕಲ್ಲಿಗೆ ಎಷ್ಟು ಸಲ ಎಂದು ಲೆಕ್ಕವಿಲ್ಲ. ಮನೆಯಲ್ಲಿ ಕೇಳಿದರೆ ರಸ್ತೆ ಇಕ್ಕಟ್ಟು ಅಂದೆ, ಎದುರಿಗೆ ಬಂದ ಬಸ್ಸಿನವನಿಗೆ ಬೈದೆ, ಕಂಬ ನೆಟ್ಟ ಮೇಸ್ತ್ರಿಗೂ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ಒಂದು ಸಲ ಅಂದಿರಬೇಕು, ನಾನು ದಿನಾ ಅಂದೆ.

ಮಳೆಗಾಲಕ್ಕೆ ಮುಂಚೆ ಟೈರು ಹಾಕಿಸಲೇಬೇಕು ಎಂದು ಮಗಳು ಹಟ ಹಿಡಿದಳು. ನಾಲ್ಕೂ ನೈಸಾಗಿದ್ದವು. ರೀಬಟನ್ ಮಾಡಿಸಿದರೆ, ಅಂದರೆ ಸವೆದ ಟೈರಿನ ಮೇಲೆ ಹೊಸ ರಬ್ಬರು ಕೂರಿಸಿದರೆ, ಆಗುವುದಿಲ್ಲವೇ ಎಂದೆ. ಅದು ಲಾರಿಗೆ, ಮನೆ ಮಂದಿ ಕೂರುವ ಗಾಡಿಗೆ ಬೇಡ ಎಂದಳು. ಇಬ್ಬರೂ ರಾಮನಗರಕ್ಕೆ ಹೋದೆವು. ಹಳೆಯ ಹೆದ್ದಾರಿಯ ಪಕ್ಕದಲ್ಲಿ ನಮಗೆ ಪರಿಚಯದ ಸಾಬರ ಟೈರು ಅಂಗಡಿಯಿದೆ. ಅವರ ಮನೆಯವರು ನೂಲು ತೆಗೆಯುವ ಕಸುಬಿನವರು, ಅವರ ತಂದೆ ನಮ್ಮ ಗೂಡನ್ನು ಎಷ್ಟೋ ಸಲ ಕೊಂಡಿದ್ದರು. ಹಾಗಾಗಿ ನಮಗೆ ಟೀ ಬಂತು, ಬೆಂಚಿನಲ್ಲಿ ಜಾಗವೂ ಸಿಕ್ಕಿತು. ಬೆಂಚಿನ ಆ ತುದಿಯಲ್ಲಿ ಮಾಗಡಿ ಕಡೆಯ ರೈತನೊಬ್ಬ ಪಂಕ್ಚರ್ ಹಾಕಿಸಲು ಕೂತಿದ್ದ. ಮಗಳಿಂದ ಮರಿ ತೆಗೆದುಕೊಳ್ಳುವವನೇ. ಅವಳನ್ನು ನೋಡಿ, ‘ಏನವ್ವ, ಮುಂದಿನ್ ಬ್ಯಾಚು ಯಾವಾಗ?’ ಎಂದು ಮಾತಾಡಿಸಿದ.

ಸಾಬರು ಟಾರ್ಚು ಹಿಡಿದು ಗಾಡಿಯ ಸುತ್ತ ಕುಕ್ಕರಗಾಲಿನಲ್ಲಿ ಕೂತು ಕೂತು ಬಂದರು. ಬಲಗಡೆಯ ಎರಡನ್ನು ನೋಡಿ ಏನೂ ಹೇಳಲಿಲ್ಲ. ಎಡಗಡೆಗೆ ಹೋದವರು ಅಲ್ಲೇ ಕೂತುಬಿಟ್ಟರು.

‘ಅಣ್ಣ, ಒಸಿ ಬನ್ನಿ ಇಲ್ಲಿ. ಬಲಗಡೆ ಸಮ ಸವ್ದೈತೆ. ಎಡಗಡೆ ನೋಡಿ, ಪಕ್ಕೆಯೆಲ್ಲ ಕಲ್ಲಿಗೆ ಉಜ್ಜಿ ಉಜ್ಜಿ ಕಿತ್ತೋಗೈತೆ. ಮುಂದ್ಲುದೂ ಹಂಗೇ, ಹಿಂದ್ಲುದೂ ಹಂಗೇ. ಇದು ರೋಡಿನ ತಪ್ಪಲ್ಲ ಅಣ್ಣ. ಎಡಗಡೆ ಕಾಣ್ದೇ ಇರೋರು ಓಡ್ಸಿದಂಗೈತೆ. ಯಾರು ಓಡ್ಸೋದು ಈ ಗಾಡಿನ?’

ಆ ಮನುಷ್ಯ ತಮಾಷೆಗೆ ಹೇಳಿದ್ದಲ್ಲ, ಚುಚ್ಚಲೂ ಹೇಳಿದ್ದಲ್ಲ. ರೋಗ ಹೇಳುವ ಡಾಕ್ಟರ ಹಾಗೆ ಹೇಳಿದರು. ಒಂದು ವರ್ಷ ಮುಚ್ಚಿಟ್ಟದ್ದು ನಾಲ್ಕು ಜನರ ಎದುರು ಟಾರ್ಚಿನ ಬೆಳಕಿನಲ್ಲಿ ಬಿದ್ದಿತ್ತು. ಬೆಂಚಿನಲ್ಲಿ ಕೂತವನು ಕತ್ತು ಚಾಚಿ ನೋಡುತ್ತಿದ್ದ.

‘ನನ್ ಮಗಳು ಕಣಪ್ಪ,’ ಎಂದೆ. ‘ಹೊಸ್ದಾಗಿ ಕಲ್ತವ್ಳೆ.’

ಮಗಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಇನ್ನೊಂದು ಮಾತು ಸೇರಿಸುತ್ತೇನೆ, ನಗುತ್ತೇನೆ, ‘ಇಲ್ಲ ಕಣ್ರೀ, ನಾನೇ’ ಎನ್ನುತ್ತೇನೆ ಎಂದು ಕಾಯುತ್ತಿದ್ದವಳ ಹಾಗೆ ನೋಡಿದಳು. ನಾನು ಟೀ ಲೋಟ ಎತ್ತಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾಲ್ಕು ಜನರ ಎದುರು ಅಪ್ಪನ ಮಾತಿಗೆ ಎದುರಾಡುವ ಹುಡುಗಿಯಲ್ಲ ಅವಳು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

‘ಓ, ನೀವಾ ಮೇಡಂ?’ ಎಂದು ಸಾಬರು ಮೆತ್ತಗೆ ಹೇಳಿದರು. ‘ಪರವಾಗಿಲ್ಲ, ಎಡಗಡೆ ಅಂದಾಜು ಸಿಕ್ಕೋವರ್ಗೂ ಎಲ್ಲಾರ್ಗೂ ಹಿಂಗೇ ಆಯ್ತದೆ.’

ಆಮೇಲೆ ಟೈರು ಆರಿಸುವ ಕೆಲಸ. ಸಾಬರು ಎರಡು ಬಗೆ ಉರುಳಿಸಿಕೊಂಡು ಬಂದು ನಿಲ್ಲಿಸಿದರು. ಎರಡೂ ಒಂದೇ ಅಳತೆ, ಎರಡರ ಗ್ರಿಪ್ಪೂ ಆಳವಾಗಿತ್ತು. ನಾನು ಕಲಿತ ವಿದ್ಯೆ ತೋರಿಸಿದೆ. ಹೆಬ್ಬೆರಳಿನಲ್ಲಿ ಒತ್ತಿ ನೋಡಿದೆ. ಒಂದು ಬಗೆಯದು ಮೆತ್ತಗೆ ಬೆರಳಿಗೆ ಒಸಿ ಬಗ್ಗಿತು, ಇನ್ನೊಂದು ಕಲ್ಲಿನಂತೆ ನಿಂತಿತು. ಗಟ್ಟಿಯಾದದ್ದೇ ಸರಿ ಎಂದು ತೀರ್ಮಾನಿಸಿದೆ. ಮಗಳು ಅಷ್ಟರಲ್ಲಿ ಅದರ ಪಕ್ಕ ಕೂತು, ಮೊಬೈಲಿನ ಬೆಳಕು ಬಿಟ್ಟು, ಕರಿಯ ರಬ್ಬರಿನ ಮೇಲೆ ಉಬ್ಬಿದ ಸಣ್ಣ ಅಂಕಿಗಳನ್ನು ಓದುತ್ತಿದ್ದಳು.

‘ಅಪ್ಪ, ಇದು ಹಳೇದು. ಟೈರ್ ಯಾವ್ ವಾರ ಮಾಡಿದ್ದು, ಯಾವ್ ವರ್ಷ ಅಂತ ಇಲ್ಲಿ ನಾಕು ನಂಬರ್ ಇರ್ತದೆ. ಇದ್ನ ಮಾಡಿ ಐದು ವರ್ಷದ್ ಮೇಲಾಗೈತೆ. ರಬ್ಬರ್ ಒಣಗಿ ಗಟ್ಟಿ ಆಗೈತೆ. ಆ ಮೆತ್ತಗಿರೋದೇ ಈ ವರ್ಷದ್ದು.’

ಅವಳು ಸರಿ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದೇ ಕಷ್ಟವಾಯಿತು. ಈಗ ತಾನೇ ಗಾಡಿ ಓಡಿಸಲು ಬರದವಳು ಎಂದು ಹೇಳಿದ ಹುಡುಗಿಯ ಮಾತು ಕೇಳಿ ಟೈರು ಆರಿಸಿದರೆ, ಹೇಳಿದ ಸುಳ್ಳು ನಿಲ್ಲುವುದು ಹೇಗೆ?

‘ನೀನು ಮೊದ್ಲು ಎಡಗಡೆ ನೋಡ್ಕೊಂಡು ಓಡ್ಸೋದ್ ಕಲಿ,’ ಎಂದೆ. ‘ಆಮೇಲೆ ಟೈರಿನ ವಿಚಾರ ಹೇಳೀಯಂತೆ. ಗೂಡು ನೋಡಿದ್ ಕೈ ಕಣವ್ವ ಇದು.’

ಬೆಂಚಿನವನು ನಕ್ಕ. ಸಾಬರು ನಗಲಿಲ್ಲ. ‘ಅಣ್ಣ, ಆ ಮಗ ಹೇಳಿದ್ದು ಸರಿ. ಇದು ಹಳೇ ಸ್ಟಾಕು, ನಾನೇ ಹೇಳ್ತಾ ಇದೀನಿ. ಗದ್ದೆ ಹೊಲ ಅಂತ ಓಡಾಡೋರಿಗೆ ಕಮ್ಮಿಗೆ ಕೊಡ್ತೀನಿ. ಮಳೇಲಿ ಬ್ರೇಕ್ ಹೊಡುದ್ರೆ ಹಿಡಿಯಲ್ಲ,’ ಎಂದರು. ನಾನು ಗಟ್ಟಿಯಾದದ್ದನ್ನೇ ಹಾಕಿಸಿದೆ. ಟೈರು ಕೂರಿಸುವವರೆಗೂ ಮಗಳು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ವಾಪಸ್ಸು ಬರುವಾಗ ನಾನೇ ಓಡಿಸಿದೆ, ಅವಳು ಕೀಲಿ ಕೇಳಲಿಲ್ಲ.

ಮಾತು ಗಾಡಿಗಿಂತ ಬೇಗ ಮಾಗಡಿ ಮುಟ್ಟಿತು. ಒಂದು ವಾರದೊಳಗೆ ಮೂರು ಮನೆಯವರು ಅವಳಿಗೆ ಫೋನು ಮಾಡಿದರು. ಬಯ್ಯಲಿಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದರು: ಮರಿ ಚೆನ್ನಾಗಿವೆ, ನಿನ್ನ ಹತ್ತಿರವೇ ತಗೋತೀವಿ, ಆದರೆ ಗಾಡಿ ನಿಮ್ಮಪ್ಪ ಓಡಿಸಿಕೊಂಡು ಬರಲಿ, ದಾರಿಯಲ್ಲಿ ಹೆಚ್ಚುಕಮ್ಮಿ ಆದರೆ ನಮ್ಮ ಬೆಳೆಯೇ ಹೋಗುತ್ತದೆ. ಅವಳು ಫೋನಿಟ್ಟು ನನ್ನ ಹತ್ತಿರ ಬಂದು ನಿಂತಳು.

‘ಅಪ್ಪ, ಅವ್ರಿಗೆ ಒಂದ್ ಮಾತು ಹೇಳು, ಉಜ್ಜಿದ್ದು ಇವಳಲ್ಲ ಅಂತ. ಅಷ್ಟೇ ಸಾಕು. ಯಾಕೆ ಏನು ಅಂತ ನಾನ್ ಕೇಳಾಕಿಲ್ಲ.’

‘ಹೇಳ್ತೀನಿ ಬುಡು,’ ಎಂದೆ.

ಅವಳು ಇನ್ನೊಂದು ಸಲ ಕೇಳಿದಳು, ಮತ್ತೂ ಒಂದು ಸಲ ಕೇಳಿದಳು. ಹೇಳ್ತೀನಿ ಹೇಳ್ತೀನಿ ಎಂದೆ. ಆಮೇಲೆ ಕೇಳುವುದನ್ನು ಬಿಟ್ಟಳು.

ಅಲ್ಲಿಂದ ಮರಿ ತಲುಪಿಸಲು ನಾನೇ ಹೊರಟೆ. ಅವಳು ಪಕ್ಕದಲ್ಲಿ, ಎಡಗಡೆ ಸೀಟಿನಲ್ಲಿ ಕೂರುತ್ತಿದ್ದಳು. ಮೊದಲ ದಿನವೇ ಅವಳಿಗೆ ಅರ್ಥವಾಗಿರಬೇಕು. ಎರಡನೇ ಸಲದಿಂದ ಏನೋ ಮಾತಾಡುವವಳ ಹಾಗೆ ದಾರಿ ಹೇಳಲು ಶುರುಮಾಡಿದಳು. ‘ಎಡಕ್ಕೆ ಎಮ್ಮೆ ಐತೆ’, ‘ಎಡಕ್ಕೆ ಕಲ್ಲು ಹಾಕವ್ರೆ’, ‘ಎಡಗಡೆ ಹುಡುಗ್ರು ಸ್ಕೂಲಿಗ್ ಹೋಯ್ತಾವೆ, ನಿಧಾನ.’ ನಾನು ಹೂಂ ಎನ್ನುತ್ತಿದ್ದೆ. ನಾನು ಏನನ್ನು ಮುಚ್ಚಿಡುತ್ತಿದ್ದೇನೆ ಎಂದು ಅವಳಿಗೆ ಗೊತ್ತು, ಅವಳಿಗೆ ಗೊತ್ತೆಂದು ನನಗೆ ಗೊತ್ತು. ಆದರೂ ಇಬ್ಬರೂ ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಗಬೇಕಿತ್ತು. ನಿಜ ಹೇಳಬೇಕೆಂದರೆ ನೆಮ್ಮದಿಯಾಯಿತು. ಇನ್ನು ಹೀಗೇ ನಡೆದುಹೋಗುತ್ತದೆ ಎಂದುಕೊಂಡೆ.

ಆ ದಿನ ತುಂತುರು ಬೀಳುತ್ತಿತ್ತು. ಮಾಗಡಿ ರಸ್ತೆಯಲ್ಲಿ, ಒಂದು ಊರು ಇನ್ನೇನು ಬಂತು ಎನ್ನುವಲ್ಲಿ ಒಂದು ತಿರುವು ಇದೆ. ತಿರುವಿನಲ್ಲಿ ಹಿಂದೆ ಒಂದು ಟ್ರೇ ಜಾರಿತು. ಮಗಳು ಸೀಟಿನಲ್ಲಿ ಮೊಣಕಾಲೂರಿ ಹಿಂದಕ್ಕೆ ತಿರುಗಿ ಅದನ್ನು ಹಿಡಿದುಕೊಂಡಳು. ಅಷ್ಟೇ ಹೊತ್ತು, ಒಂದು ಟ್ರೇ ಸರಿಮಾಡುವಷ್ಟು ಹೊತ್ತು, ಎಡಗಡೆ ನೋಡುವವರು ಯಾರೂ ಇರಲಿಲ್ಲ. ತಿರುಗಿ ಕೂತವಳು ‘ಅಪ್ಪಾ!’ ಎಂದು ಕಿರುಚಿದಳು. ನಾನು ಬ್ರೇಕು ತುಳಿದೆ. ಗಾಡಿ ನಿಲ್ಲಲಿಲ್ಲ, ಒದ್ದೆ ಟಾರಿನ ಮೇಲೆ ಸುಮ್ಮನೆ ಜಾರಿಕೊಂಡು ಹೋಯಿತು. ಡೈರಿಗೆ ಹಾಲು ಹಾಕಲು ಸೈಕಲ್ಲಿನಲ್ಲಿ ಹೊರಟಿದ್ದ ನನ್ನ ವಯಸ್ಸಿನ ಮನುಷ್ಯರೊಬ್ಬರಿಗೆ ಗಾಡಿಯ ಎಡಪಕ್ಕ ತಗುಲಿತು. ಅವರು ಮೋರಿಯ ಕಟ್ಟೆಯ ಮೇಲೆ ಬಿದ್ದರು.

ಇಬ್ಬರೂ ಇಳಿದು ಓಡಿದೆವು. ಅವರಿಗೆ ಎಚ್ಚರವಿತ್ತು. ಸೊಂಟ ಹಿಡಿದುಕೊಂಡು ಕೂಗುತ್ತಿದ್ದರು. ಮಗಳು ಅವರ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ನಾನು ಕೀಲಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡು ನಿಂತಿದ್ದೆ. ಹಾಲಿನ ಕ್ಯಾನು ಹಿಡಿದಿದ್ದ ಜನ ಡೈರಿಯ ಕಡೆಯಿಂದ ಓಡಿ ಬಂದರು. ಹತ್ತು ಹನ್ನೆರಡು ಗಂಡಸರು.

‘ಯಾರ್ಲಾ ಅದು ಓಡ್ಸ್ತಿದ್ದೋನು?’

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಾನೇ ಎನ್ನುತ್ತಿದ್ದೆ ಎಂದು ಈಗ ಹೇಳುವುದು ಸುಲಭ. ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದವಳು ತಲೆ ಎತ್ತಿದಳು.

‘ನಾನು,’ ಎಂದಳು. ‘ನಾನೇ ಓಡ್ಸ್ತಿದ್ದೆ.’

ಯಾರೂ ಅನುಮಾನ ಪಡಲಿಲ್ಲ. ‘ಅದೇ ಕಣ್ಲಾ, ಚಾಕಿ ಹುಡ್ಗಿ. ಇವ್ಳಿಗೆ ಗಾಡಿ ಬರಾಕಿಲ್ಲ ಅಂತ ಆವತ್ತೇ ಹೇಳ್ತಿರ್ಲಿಲ್ವಾ?’ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಗಂಡಸಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಬಿದ್ದಿರುತ್ತಿತ್ತು ಎಂದು ಮತ್ತೊಬ್ಬ ಹೇಳಿದ. ನಾನು ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಇದು ನಾನು ಮಾಡಿದ ಎರಡನೆಯ ಕೆಲಸ, ಮೊದಲನೆಯದಕ್ಕಿಂತ ಕೆಟ್ಟದ್ದು.

ಟ್ರೇಗಳನ್ನೆಲ್ಲ ಒಂದು ಜಗಲಿಯ ಮೇಲೆ ಇಳಿಸಿ, ಗಾಯವಾದವರನ್ನು ಹಿಂದೆ ಮಲಗಿಸಿದರು. ಮಗಳು ನನ್ನ ಕೈಯಿಂದ ಕೀಲಿ ತೆಗೆದುಕೊಂಡು ತಾನೇ ಕೂತಳು. ಓಡಿಸುತ್ತಿದ್ದೆ ಎಂದವಳು ಓಡಿಸಲೇಬೇಕಲ್ಲ. ಅಲ್ಲಿಂದ ರಾಮನಗರದ ಆಸ್ಪತ್ರೆಯವರೆಗೆ, ಅದೇ ಟೈರು, ಅದೇ ಒದ್ದೆ ರಸ್ತೆ, ಒಂದು ಕಡೆಯೂ ಗಾಡಿ ಅಲುಗದ ಹಾಗೆ ಓಡಿಸಿದಳು. ಗುಂಡಿ ಬಂದಲ್ಲಿ ಮೊದಲೇ ನಿಧಾನ ಮಾಡಿದಳು, ಹಿಂದೆ ಮಲಗಿದವರ ನರಳಾಟ ಹೆಚ್ಚಾದರೆ ಇನ್ನೂ ನಿಧಾನ ಮಾಡಿದಳು. ಗಾಯವಾದವರ ಮಗ ಹಿಂದೆ ಕೂತು ದಾರಿಯುದ್ದಕ್ಕೂ ಅವಳನ್ನು ಬಯ್ಯುತ್ತಿದ್ದ. ‘ಈಗ್ಲಾದ್ರೂ ಒಸಿ ನೆಟ್ಟಗೆ ಓಡ್ಸವ್ವ, ಒಂದ್ ಜೀವ ತಗ್ಯಾಕ್ ಹೋಗಿದ್ ಸಾಕು,’ ಎಂದ. ಅವಳು ಹೂಂ ಅಣ್ಣ, ಹೂಂ ಅಣ್ಣ ಎನ್ನುತ್ತಿದ್ದಳು. ನಾನು ಎಡಗಡೆ ಸೀಟಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದೆ.

ಜೀವ ಹೋಗಲಿಲ್ಲ. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಆದರೆ ಅವರು ಕೋಲಿಲ್ಲದೆ ನಡೆಯಲಾರರು, ಸೈಕಲ್ ತುಳಿಯುವ ಮಾತೇ ಇಲ್ಲ. ಎರಡೂ ಊರಿನ ಹಿರಿಯರು ಕೂತು ರಾಜಿ ಮಾಡಿದರು. ಆಸ್ಪತ್ರೆಯ ಖರ್ಚು ನಾವು ನೋಡಿಕೊಳ್ಳುವುದು, ಪೊಲೀಸ್ ಕೇಸು ಬೇಡ ಎಂದಾಯಿತು. ಹುಡುಗಿ ನಾಲ್ಕು ಜನರ ಎದುರು ತಪ್ಪಾಯ್ತು ಅನ್ನಲಿ ಎಂದರು. ಅವಳು ಎದ್ದು ನಿಂತು ತಪ್ಪಾಯ್ತು ಎಂದಳು. ‘ಹೆಣ್ಮಕ್ಕಳ ಕೈಗೆ ಅಷ್ಟ್ ದೊಡ್ಡ ಗಾಡಿ ಕೊಡೋರು ಯಾರಪ್ಪ?’ ಎಂದು ಒಬ್ಬ ಹಿರಿಯರು ನನ್ನನ್ನು ಗದರಿಸಿದರು. ಇನ್ನು ಕೊಡುವುದಿಲ್ಲ ಎಂದೆ.

ಜಗಲಿಯ ಮೇಲಿಟ್ಟ ಟ್ರೇಗಳನ್ನು ಆ ದಿನ ಯಾರೂ ನೆನೆಯಲಿಲ್ಲ. ಮಧ್ಯಾಹ್ನ ಮಳೆ ಬಿಟ್ಟು ಬಿಸಿಲೇರಿ ಬಟ್ಟೆ ಒಣಗಿ, ಇರುವೆ ಹತ್ತಿ, ಮರಿಗಳೆಲ್ಲ ಹೋದವು. ತೆಗೆದುಕೊಳ್ಳುವವರು ಬೇರೆ ಕಡೆ ಹೋದರು. ಮುಂದಿನ ಬ್ಯಾಚಿಗೆ ಮೊಟ್ಟೆ ತರಿಸಲು ಅವಳು ಹೇಳಲೂ ಇಲ್ಲ. ಟ್ರೇಗಳನ್ನೆಲ್ಲ ತೊಳೆದು, ಒಣಗಿಸಿ, ಅಟ್ಟಕ್ಕೆ ಸೇರಿಸಿ, ಹುಳಮನೆಗೆ ಬೀಗ ಹಾಕಿದಳು. ಈಗ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು, ರಾಮನಗರದಲ್ಲಿ ಇಳಿದು ಬಸ್ಸು ಬದಲಾಯಿಸಬೇಕು.

ಕಣ್ಣಿನ ವಿಷಯ ಕೊನೆಗೆ ಹೆಂಡತಿಗೆ ಹೇಳಿದೆ. ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡದಿಂದ ನರ ಸತ್ತಿದೆ, ಹೋದ ನೋಟ ವಾಪಸ್ಸು ಬರುವುದಿಲ್ಲ, ಒಂದು ವರ್ಷ ಮುಂಚೆ ಬಂದಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತು ಎಂದರು. ದಿನಕ್ಕೆ ಎರಡು ಸಲ ಹನಿ ಹಾಕಿಕೊಳ್ಳುತ್ತೇನೆ. ಮನೆಯಲ್ಲಿ ಮೂವರಿಗೂ ಈಗ ಎಲ್ಲ ಗೊತ್ತು. ಹೊರಗೆ ಯಾರಿಗೂ ಗೊತ್ತಿಲ್ಲ. ಸೊಂಟ ಮುರಿದುಕೊಂಡವರ ಮನೆಗೆ ಎರಡು ಸಲ ಹೋಗಿದ್ದೆ, ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರ ಹೆಂಡತಿ ಕಾಫಿ ಕೊಟ್ಟರು. ಮಳೆ, ಸೊಪ್ಪು, ಗೂಡಿನ ರೇಟು ಮಾತಾಡಿ ಎದ್ದು ಬಂದೆ. ‘ನಿಮ್ ಮಗಳ ಮೇಲೆ ನಂಗೇನೂ ಕೋಪ ಇಲ್ಲ ಬುಡಿ, ಚಿಕ್ ಹುಡ್ಗಿ,’ ಎಂದು ಅವರು ಬಾಗಿಲವರೆಗೆ ಕೋಲೂರಿಕೊಂಡು ಬಂದು ಹೇಳಿದರು.

ಶೆಡ್ಡಿನಲ್ಲಿರುವ ಗಾಡಿಯನ್ನು ನೀನೇ ತೆಗೆ, ಬೇರೆ ಟೈರು ಹಾಕಿಸೋಣ, ಈ ಸಲ ನೀನೇ ನೋಡಿ ಆರಿಸು ಎಂದು ಮಗಳಿಗೆ ಹೇಳಿದೆ. ಬೇಡ ಎಂದಳು. ಅಷ್ಟೇ.

ಮೊನ್ನೆ ಬೆಳಿಗ್ಗೆ ಅವಳ ಜೊತೆ ಬಸ್ ಸ್ಟಾಪಿನವರೆಗೆ ನಡೆದುಕೊಂಡು ಹೋದೆ. ಅವಳು ನನ್ನ ಎಡಕ್ಕೆ ಬಂದು, ಆ ಕೈ ಹಿಡಿದುಕೊಂಡು ನಡೆದಳು. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಇಷ್ಟು ದಿನ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ.

‘ಅವತ್ತು ಯಾಕ್ ಮಗ ನೀನೇ ಅಂದ್ಬುಟ್ಟೆ? ಅವ್ರು ನಂಗೆ ಹೊಡೀತಾರೆ ಅಂತ್ಲಾ?’

ಅವಳು ಬಸ್ಸು ಬರುವ ದಾರಿ ನೋಡುತ್ತಿದ್ದಳು. ಇಲ್ಲ ಎಂದು ತಲೆಯಾಡಿಸಿದಳು.

‘ನೀನು ಬಾಯ್ ತಗ್ದೆ ಕಣಪ್ಪ. ಟೈರ್ ಅಂಗ್ಡೀಲಿ ಅಂದಂಗೆ, ಓಡ್ಸಿದ್ದು ನನ್ ಮಗಳು ಅಂತ ನಿನ್ ಬಾಯಲ್ಲೇ ಬರೋದ್ನ ಇನ್ನೊಂದ್ ಸಲ ಕೇಳಾಕೆ ನನ್ ಕೈಲಿ ಆಯ್ತಿರ್ಲಿಲ್ಲ. ಅದಕ್ಕೇ ನಾನೇ ಹೇಳ್ಬುಟ್ಟೆ.’